ನಲವತ್ತೊಂದು ದಡಿಗಳ ಫೈಲು

ರೋಣದ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಝೆರಾಕ್ಸ್ ಎನ್ನುವುದು ಬೋರ್ಡಿನ ಮೇಲಿನ ಮಾತು. ಒಳಗೆ ನಾನು ಅರ್ಜಿ ತುಂಬುತ್ತೇನೆ, ಟೈಪ್ ಮಾಡುತ್ತೇನೆ, ಓಪನ್ ಆಗದ ಫೈಲುಗಳನ್ನು ಓಪನ್ ಮಾಡಿಕೊಡುತ್ತೇನೆ. ಈ ಕೊನೆಯ ಕೆಲಸಕ್ಕೆ ನರಗುಂದ, ಹೊಳೆಆಲೂರಿನಿಂದಲೂ ಜನ ಬರುತ್ತಾರೆ. ತರುವುದು ಹೆಚ್ಚಾಗಿ ಎಕ್ಸೆಲ್ ಫೈಲುಗಳನ್ನೇ. ಶಾಲೆಯ ಅಂಕಪಟ್ಟಿ, ಸಂಘದ ಸದಸ್ಯರ ಪಟ್ಟಿ, ಮದುವೆಗೆ ಕರೆಯಬೇಕಾದವರ ಪಟ್ಟಿ. ಪೆನ್ ಡ್ರೈವನ್ನು ಕರವಸ್ತ್ರದಲ್ಲಿ ಸುತ್ತಿ ತರುವವರಿದ್ದಾರೆ, ಬೀಗದ ಕೈಗೊಂಚಲಿಗೆ ಕಟ್ಟಿ ತರುವವರೂ ಇದ್ದಾರೆ.

ಬಂದವರು ಯಾರೇ ಇರಲಿ, ನಾನು ಮೊದಲು ನೋಡುವುದು ಫೈಲನ್ನಲ್ಲ, ತಂದವರ ಮುಖವನ್ನು. ಹದಿಮೂರು ವರ್ಷ ಈ ಕೆಲಸ ಮಾಡಿ ಹೇಳುತ್ತೇನೆ, ಫೈಲು ತಾನಾಗಿ ಕೆಡುವುದು ಕಡಿಮೆ. ಯಾರೋ ಹೆಸರು ಬದಲಿಸಿರುತ್ತಾರೆ, ಯಾರೋ ಅರ್ಧ ಕಾಪಿಯಾಗುವಾಗಲೇ ಪೆನ್ ಡ್ರೈವ್ ಕಿತ್ತಿರುತ್ತಾರೆ, ಯಾರೋ ಪಾಸ್‌ವರ್ಡ್ ಹಾಕಿ ಮರೆತವರ ಹಾಗೆ ನಟಿಸುತ್ತಾರೆ. ಒಮ್ಮೆ ಒಬ್ಬರು ಬಂದು, “ನಮಗ ಕಳಿಸಿದ ಪಟ್ಟಿ ಓಪನ್ ಆಗವಲ್ದ್ರಿ ಮೇಡಂ” ಎಂದರು. ನೋಡಿದರೆ ಅದು ಪಟ್ಟಿಯೇ ಅಲ್ಲ, ಯಾವುದೋ ಫೋಟೋ. ಕೆಲಸ ಮುಗಿಸದವರೊಬ್ಬರು ಎರಡು ದಿನ ಸಮಯ ಸಿಗಲಿ ಎಂದು ಫೋಟೋದ ಹೆಸರು ಬದಲಿಸಿ ಪಟ್ಟಿ ಎಂದು ಕಳಿಸಿದ್ದರು. ಅವತ್ತಿನಿಂದ ನನ್ನ ಸಂಶಯಕ್ಕೆ ರೆಕ್ಕೆ ಬಂತು. “ನೀ ಪೊಲೀಸ್ ಖಾತ್ಯಾಗ ಇರಬೇಕಿತ್ತು ನೋಡು, ತಪ್ಪಿ ಇಲ್ಲಿ ಬಂದು ಕುಂತಿ” ಎಂದು ನಮ್ಮ ಮನೆಯವರು ನಗುತ್ತಾರೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರಲ್ಲ, ನನ್ನ ಕಣ್ಣು ಹುಟ್ಟಿನಿಂದಲೇ ಹಾಗೆ. ಅದರಿಂದ ನನಗೆ ಲಾಭವೇ ಆಗಿದೆ ಎಂದು ಬಹಳ ದಿನ ಅಂದುಕೊಂಡಿದ್ದೆ.

ನನ್ನ ಅಕ್ಕನನ್ನು ಗಜೇಂದ್ರಗಡದ ನೇಕಾರರ ಮನೆಗೆ ಕೊಟ್ಟಿದೆ. ಮನೆಯಲ್ಲಿ ಎರಡು ಕುಣಿಮಗ್ಗ, ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವಂಥವು. ಒಂದರಲ್ಲಿ ಅವಳ ಮಾವ ಕೂಡುತ್ತಾರೆ, ಇನ್ನೊಂದರಲ್ಲಿ ಅವಳು. ಅವಳ ಗಂಡ ನೂಲು ತರುವುದಕ್ಕೆ, ಸೀರೆ ಒಯ್ಯುವುದಕ್ಕೆ ಊರೂರು ತಿರುಗುವವನು. ಈ ಕಥೆಯಲ್ಲಿ ಅವನಿಗೆ ಕೆಲಸವಿಲ್ಲ. ಅಕ್ಕನ ಮೈದುನ, ಅಂದರೆ ಆ ಮನೆಯ ಕಿರಿಯ ಮಗ, ಮಗ್ಗ ಬಿಟ್ಟು ನರಗುಂದದಲ್ಲಿ ಫ್ಲೆಕ್ಸು, ಲಗ್ನಪತ್ರಿಕೆ ಮಾಡುವ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಅಕ್ಕನ ಮಾವನಿಗೆ ಎಂಬತ್ತರ ಹತ್ತಿರ ವಯಸ್ಸು. ನಾನೂ ಅವರನ್ನು ಮಾವ ಎಂದೇ ಕರೆಯುತ್ತೇನೆ.

ಮಾವನ ಹತ್ತಿರ ನಲವತ್ತೊಂದು ದಡಿಗಳಿದ್ದವು. ದಡಿ ಎಂದರೆ ಸೀರೆಯ ಅಂಚು. ಕೋಳಿಹೆಜ್ಜೆ, ಹುಣಸೆಬೀಜ, ಜೋಡಿಗೆಜ್ಜೆ ಎಂದು ಒಂದೊಂದಕ್ಕೂ ಹೆಸರಿತ್ತು. ಕೆಲವು ಅವರ ಅಜ್ಜನವು, ಕೆಲವು ಅಪ್ಪನವು, ಉಳಿದವು ಅವರೇ ಕೂತು ಕಟ್ಟಿದವು. ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗೆ ಉಳಿಯಬೇಕು ಎನ್ನುವ ಲೆಕ್ಕವೆಲ್ಲ ಒಂದು ಚೌಕಳಿ ಪುಸ್ತಕದಲ್ಲಿತ್ತು. ಆ ಪುಸ್ತಕದ ಹಾಳೆಗಳು ಹಪ್ಪಳದ ಹಾಗೆ ಆಗಿದ್ದವು, ಮುಟ್ಟಿದರೆ ಮುರಿಯುತ್ತಿದ್ದವು. ಒಂದು ಸಲ ಅದನ್ನು ನೋಡುತ್ತ ಕೂತಾಗ ನನಗೆ ಹೊಳೆಯಿತು. ಎಕ್ಸೆಲ್ ಹಾಳೆಯೂ ಚೌಕಳಿಯೇ ಅಲ್ಲವೆ? ಒಂದು ಚೌಕ ಒಂದು ಎಳೆ. ಬಣ್ಣ ತುಂಬಿದರೆ ಎಳೆ ಮೇಲೆ, ಖಾಲಿ ಬಿಟ್ಟರೆ ಕೆಳಗೆ. ಅಂಗಡಿಯ ಹಳೆಯ ಕಂಪ್ಯೂಟರನ್ನು ಅಕ್ಕನ ಮನೆಗೆ ಸಾಗಿಸಿ ಕೆಲಸ ಶುರು ಮಾಡಿದೆ.

ಎರಡು ವರ್ಷ, ಬಿಡುವಾದ ಭಾನುವಾರಗಳಲ್ಲಿ ಹೋಗಿ ಕೂಡುತ್ತಿದ್ದೆ. ಮಾವ ಪುಸ್ತಕ ಹಿಡಿದು, “ಎರಡು ಎತ್ತು, ಒಂದು ಬಿಡು, ಮೂರು ಎತ್ತು, ಒಂದು ಬಿಡು” ಎಂದು ಹೇಳುತ್ತಿದ್ದರು. ನಾನು ಚೌಕ ತುಂಬುತ್ತಿದ್ದೆ. ಪರದೆಯ ಮೇಲೆ ದಡಿ ಮೂಡಿದಾಗ ಮಾವನ ಬಾಯಿ ತೆರೆದೇ ಇರುತ್ತಿತ್ತು. ಅವರಿಗೂ ಕಂಪ್ಯೂಟರ್ ಕಲಿಯುವ ಆಸೆ ಹುಟ್ಟಿತು. ನೋಟ್‌ಪ್ಯಾಡ್ ತೆರೆದು ಕನ್ನಡದಲ್ಲಿ ಟೈಪ್ ಮಾಡುವುದನ್ನು ತೋರಿಸಿದೆ. ಬಿಳೀ ಹಾಳೆ ಕಂಡ ಕೂಡಲೇ, “ಇದು ಖರೇ ಹಾಳಿ ನೋಡು” ಎಂದರು. ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ ಶ್ರೀ ಎಂದು ಬರೆದರು. ಅದರ ಕೆಳಗೆ ಐದು ಗೆರೆ ಖಾಲಿ ಬಿಟ್ಟರು. ಯಾಕೆ ಎಂದು ಕೇಳಿದರೆ, “ಐದು ಗೆರಿ ದೇವರ ಪಾಲು. ನಮ್ಮದು ಅದರ ಕೆಳಗಿಂದ ಶುರು” ಎಂದರು. ಅದನ್ನು ಉಳಿಸಿ ಮುಚ್ಚುವುದನ್ನೂ ಕಲಿತರು, ಅಷ್ಟೇ. ನಾನು ಹೋದಾಗಲೆಲ್ಲ ಅದನ್ನು ಒಮ್ಮೆ ಮಾಡಿ ತೋರಿಸುತ್ತಿದ್ದರು.

ಫೈಲು ಮುಗಿದ ದಿನ ನಾನೊಂದು ಕಟ್ಟಪ್ಪಣೆ ಮಾಡಿದೆ. ಈ ಫೈಲು ಒಂದೇ ಪೆನ್ ಡ್ರೈವಿನಲ್ಲಿ ಇರಬೇಕು, ಆ ಪೆನ್ ಡ್ರೈವ್ ದೇವರ ಜಗಲಿಯ ಡಬ್ಬಿಯಲ್ಲಿ ಇರಬೇಕು, ಕಾಪಿ ಯಾರಿಗೂ ಇಲ್ಲ, ಮನೆಯ ಕಂಪ್ಯೂಟರಿನೊಳಗೂ ಇಲ್ಲ, ನನ್ನ ಅಂಗಡಿಯಲ್ಲೂ ಇಲ್ಲ. ಇದಕ್ಕೆ ಕಾರಣವಿತ್ತು. ಹಿಂದೊಮ್ಮೆ ಮಾವನ ಹೊಸ ದಡಿಯೊಂದನ್ನು ಯಾರೋ ನೋಡಿಕೊಂಡು ಹೋಗಿ ಪವರ್‌ಲೂಮಿನಲ್ಲಿ ಹೊಡೆದು ಸಂತೆ ತುಂಬ ಸುರಿದಿದ್ದರು. ಆರು ತಿಂಗಳಲ್ಲಿ ಅದು ಯಾರಿಗೂ ಬೇಡವಾಯಿತು. ಇಷ್ಟಾದರೂ ನನ್ನ ಅಂಗಡಿಗೆ ಬಂದವರಿಗೆಲ್ಲ ನಾನು ಹೇಳುವ ಮೊದಲ ಬುದ್ಧಿಮಾತು ಏನು? ಯಾವ ಫೈಲಾದರೂ ಎರಡು ಕಡೆ ಇಡಿ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ಆ ದಿನ ಮೈದುನ ಅಲ್ಲೇ ಇದ್ದ. “ಒಂದು ಕಾಪಿ ನನ್ನ ಕಡೆ ಇರಲೇನ್ರಿ ಅಕ್ಕಾರ? ಏನರ ಆದ್ರ ಬೇಕಾಗ್ತೈತಿ” ಎಂದು ಮೆಲ್ಲಗೆ ಕೇಳಿದ. “ಬ್ಯಾಡ. ಯಾರೂ ಮುಟ್ಟೂ ಹಂಗಿಲ್ಲ” ಎಂದೆ. ಅವನಿಗೆ ಇದು ಯಾಕೆ ಬೇಕು ಎಂದು ಅವತ್ತೇ ಒಂದು ಗಂಟು ಹಾಕಿಟ್ಟುಕೊಂಡೆ.

ಹಳೆಯ ಪುಸ್ತಕವನ್ನು ಏನು ಮಾಡುವುದು ಎಂಬ ಪ್ರಶ್ನೆ ಬಂತು. ನೆತ್ತಿಯ ಮೇಲೆ ಶ್ರೀ ಇದ್ದ ಪುಸ್ತಕವನ್ನು ರದ್ದಿಗೆ ಹಾಕುವುದು ಮಾವನಿಂದ ಆಗುವ ಮಾತಲ್ಲ. ಕೆಲಸ ಮುಗಿದ ಪುಸ್ತಕವನ್ನು ಹರಿಯುವ ನೀರಿಗೆ ಬಿಡಬೇಕು ಎಂದರು. ನನಗೂ ಅದೇ ಬೇಕಾಗಿತ್ತು, ಪುಸ್ತಕ ಹೋದರೆ ನೋಡಿ ಬರೆದುಕೊಳ್ಳುವವರ ಭಯವೂ ಹೋಗುತ್ತದೆ. “ಬಿಟ್ಟುಬಿಡ್ರಿ ಮಾವಾರ” ಎಂದು ನಾನೇ ಮುಂದಾಗಿ ಹೊಳೆಆಲೂರಿಗೆ ಕರೆದುಕೊಂಡು ಹೋದೆ. ಮಲಪ್ರಭೆಯಲ್ಲಿ ಮೊಣಕಾಲವರೆಗೆ ಇಳಿದು ಅವರು ಪುಸ್ತಕವನ್ನು ಬಿಟ್ಟರು. ಅರಿಸಿನ ಕುಂಕುಮ ಹಚ್ಚಿದ್ದ ಅದು ಸ್ವಲ್ಪ ದೂರ ತೇಲಿ ಮುಳುಗಿತು. ಬರುವಾಗ ಬಸ್ಸಿನಲ್ಲಿ ಮಾವ, “ಹೊಸಾದಕ್ಕ ಶ್ರೀ ಬರದೇ ಇಲ್ಲಲ್ಲ ಯವ್ವಾ” ಎಂದು ಎರಡು ಸಲ ಅಂದರು. ಬರೆಯೋಣ ಬಿಡಿ ಎಂದೆ, ಮತ್ತೆ ಮರೆತೆ.

ಅದಾಗಿ ಒಂದು ವರ್ಷ ಎಲ್ಲ ಸರಿಯಾಗಿ ನಡೆಯಿತು. ಅಕ್ಕ ಬೇಕಾದ ದಡಿ ತೆರೆದು ನೋಡಿಕೊಂಡು ಮಗ್ಗ ಹೂಡುತ್ತಿದ್ದಳು. ಆಮೇಲೆ ಒಂದು ದಸರೆ ಕಳೆದ ವಾರ ಅವಳು ಬೆಳಗಿನ ಬಸ್ಸಿಗೇ ರೋಣಕ್ಕೆ ಬಂದಳು. ಚಹಾ ಕೂಡ ಕುಡಿಯದೆ ಪೆನ್ ಡ್ರೈವನ್ನು ಟೇಬಲ್ ಮೇಲಿಟ್ಟಳು.

“ಫೈಲ್ ಓಪನ್ ಆಗವಲ್ದು. ನಿನ್ನೆಯಿಂದ ಹತ್ತು ಸಲ ನೋಡೀನಿ.”

ಹಾಕಿ ನೋಡಿದೆ. ಫೈಲಿನ ನಮೂನೆ ಸರಿಯಿಲ್ಲ, ತೆರೆಯಲು ಬರುವುದಿಲ್ಲ ಎಂಬ ಸಂದೇಶ ಬಂತು. ದಿನಾ ಹತ್ತು ಜನರ ಫೈಲಿನಲ್ಲಿ ನೋಡುವ ಸಂದೇಶ. ರಿಪೇರಿ ಮಾಡಿಸಿ ನೋಡಿದೆ, ಬೇರೆ ಎರಡು ಪ್ರೋಗ್ರಾಮಿನಲ್ಲಿ ತೆರೆಯಲು ನೋಡಿದೆ, ಪೆನ್ ಡ್ರೈವಿಗೆ ವೈರಸ್ ಪರೀಕ್ಷೆ ಮಾಡಿದೆ. ವೈರಸ್ ಇರಲಿಲ್ಲ. ಆಗ ನನ್ನ ಹಳೆಯ ಅಭ್ಯಾಸದಂತೆ ಎರಡು ಸಂಗತಿ ನೋಡಿದೆ. ಕೊನೆಯ ಸಲ ಫೈಲು ಬದಲಾದದ್ದು ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ, ಮಧ್ಯಾಹ್ನ. ಮತ್ತು ಫೈಲಿನ ತೂಕ ಮೊದಲಿಗಿಂತ ಹೆಚ್ಚಾಗಿತ್ತು. ಕೆಟ್ಟ ಫೈಲು ಸೊರಗಬೇಕಲ್ಲ, ಉಬ್ಬುವುದೇಕೆ? ಯಾರೋ ನಮ್ಮದನ್ನು ತೆಗೆದುಕೊಂಡು, ಅದರ ಜಾಗದಲ್ಲಿ ಬೇರೆ ಏನನ್ನೋ ತುಂಬಿ, ಅದೇ ಹೆಸರು ಕೊಟ್ಟು ಇಟ್ಟಿದ್ದಾರೆ ಎಂದುಕೊಂಡೆ.

“ಖಂಡೇಪೂಜಿ ದಿನ ಮಧ್ಯಾಹ್ನ ಇದನ್ನ ಯಾರು ಮುಟ್ಟಿದ್ರು?” ಎಂದು ಅಕ್ಕನನ್ನು ಕೇಳಿದೆ.

ಅಕ್ಕ ನೆಲ ನೋಡಿದಳು. ಖಂಡೇಪೂಜೆಯ ದಿನ ದುಡಿಮೆಯ ಸಾಮಾನಿಗೆ ವಿಶ್ರಾಂತಿ. ಮಗ್ಗ, ಲಾಳಿ, ಕಂಪ್ಯೂಟರ್ ಎಲ್ಲಕ್ಕೂ ಪೂಜೆ ಮಾಡಿ, ಹೂವೇರಿಸಿ, ಆ ದಿನ ಯಾವುದನ್ನೂ ಮುಟ್ಟುವುದಿಲ್ಲ. ಪೆನ್ ಡ್ರೈವೂ ಪೂಜೆಯ ತಟ್ಟೆಯಲ್ಲೇ ಇತ್ತಂತೆ. ನಂತರ ಹೇಳಿದಳು, “ನಮ್ಮ ಮೈದುನ ರಜಾಕ್ಕ ಬಂದಿದ್ದ. ನಾ ಅಡಗೀ ಮುಗಿಸಿ ಹೊರಗ ಬಂದೆ. ಅವನ ಲ್ಯಾಪ್‌ಟಾಪಿಗೆ ನಮ್ಮ ಪೆನ್ ಡ್ರೈವ್ ಹಾಕಿತ್ತು. ನನ್ನ ನೋಡಿ ತಟ್ಟನ ಕಿತ್ತು ತಾಟಿನ್ಯಾಗ ಇಟ್ಟ. ನಾ ಏನೂ ಕೇಳಲಿಲ್ಲ.”

ಮುಗಿಯಿತು. ಕಾಪಿ ಕೇಳಿದವನು ಅವನು. ಚಿತ್ರ, ನಮೂನೆಗಳ ನಡುವೆ ಕೆಲಸ ಮಾಡುವವನು ಅವನು. ನಾಲ್ಕು ಜನ ವ್ಯಾಪಾರಸ್ಥರ ಪರಿಚಯ ಇರುವವನು ಅವನು. ನನ್ನ ತಲೆಯಲ್ಲಿ ಎಳೆಗೆ ಎಳೆ ಕೂಡಿ ಸೀರೆಯೇ ನೇಯ್ದು ಮುಗಿಯಿತು. ಪೆನ್ ಡ್ರೈವನ್ನು ನನ್ನ ಹತ್ತಿರ ಇಟ್ಟುಕೊಂಡು, ಬರುವ ಭಾನುವಾರ ಅವನನ್ನು ಮನೆಗೆ ಕರೆಸು ಎಂದು ಅಕ್ಕನಿಗೆ ಹೇಳಿದೆ.

ಅವನು ಬಂದ. ಫೈಲು ಕೆಟ್ಟ ಸುದ್ದಿಯನ್ನು ಅಕ್ಕ ಫೋನಿನಲ್ಲೇ ಹೇಳಿದ್ದಳು. ಅಂಗಳದ ನಲ್ಲಿಯಲ್ಲಿ ಕೈಕಾಲು ತೊಳೆದು ಊಟಕ್ಕೆ ಕೂತ. ಅಕ್ಕ ರೊಟ್ಟಿ ಹಾಕುವುದಕ್ಕೂ ನಾನು ಕೇಳುವುದಕ್ಕೂ ಸರಿಹೋಯಿತು. ಒಳಗೆ ಮಾವ ಮಗ್ಗ ನಡೆಸುತ್ತಿದ್ದರು. ಅರವತ್ತು ವರ್ಷ ಆ ಸದ್ದಿನಲ್ಲಿ ಕೂತ ಅವರ ಕಿವಿ ಮೊದಲೇ ಮಂದ.

“ಖಂಡೇಪೂಜಿ ದಿನ ನಿನ್ನ ಲ್ಯಾಪ್‌ಟಾಪಿನ್ಯಾಗ ನಮ್ಮ ಫೈಲ್ ಏನು ಮಾಡತಿತ್ತು?”

ರೊಟ್ಟಿ ಮುರಿಯುತ್ತಿದ್ದ ಅವನ ಕೈ ನಿಂತಿತು. ಅವನು ನನ್ನನ್ನು ನೋಡಲಿಲ್ಲ. ಮಗ್ಗದ ಕೋಣೆಯ ಕಡೆ ನೋಡಿದ. “ನಾ ಏನೂ ಒಯ್ದಿಲ್ರಿ ಅಕ್ಕಾರ” ಎಂದ.

“ಒಯ್ದಿ ಅಂತ ನಾ ಅಂದೇ ಇಲ್ಲಲ್ಲ. ಏನು ಮಾಡತಿತ್ತು ಅಂತ ಕೇಳೀನಿ.”

“ಅದನ್ನ ಹೇಳಾಕ ಬರೂದಿಲ್ರಿ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡಂತೆ ಎಂದು ನಾನು ಒಳಗೊಳಗೇ ಹಿಗ್ಗಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ, ಆದರೆ ಅವತ್ತು ಹಿಗ್ಗಿದ್ದು ಸುಳ್ಳಲ್ಲ. ಎದ್ದು ಮಗ್ಗದ ಕೋಣೆಗೆ ಹೋಗಿ ಮಾವನ ಕಿವಿಯ ಹತ್ತಿರ ಜೋರಾಗಿ ಹೇಳಿದೆ. “ಮಾವಾರ, ಫೈಲ್ ಕೆಟ್ಟೈತಿ. ನಿಮ್ಮ ಸಣ್ಣ ಮಗ ದಡಿ ಎಲ್ಲಾ ಕದ್ದು ಕೆಡಿಸಿ ಇಟ್ಟಾನ್ರಿ.”

ಮಗ್ಗ ನಿಂತಿತು. ಮಾವ ಕುಣಿಯಿಂದ ಮೇಲೆ ಬರಲು ಎರಡು ಸಲ ಕೈ ಊರಬೇಕಾಯಿತು. ಬಾಗಿಲಿಗೆ ಬಂದು ನಿಂತು ಮಗನನ್ನು ಒಂದೇ ಮಾತು ಕೇಳಿದರು. “ಖರೇ ಏನೋ?”

ಮಗ ಹೌದೆನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಮಾವ, “ನಡಿ. ನನ್ನ ಕಣ್ಣಮುಂದ ನಿಲ್ಲಬ್ಯಾಡ” ಎಂದರು. ಅವನು ತಾಟಿನ ಮುಂದಿನಿಂದ ಎದ್ದು, ಚಪ್ಪಲಿ ಹಾಕಿಕೊಂಡು ಬಸ್ ನಿಲ್ದಾಣದ ದಾರಿ ಹಿಡಿದ. ಮುರಿದ ರೊಟ್ಟಿ ಹಾಗೇ ಇತ್ತು. ಮಾವ ಅವತ್ತು ಮತ್ತೆ ಮಗ್ಗಕ್ಕೆ ಇಳಿಯಲಿಲ್ಲ.

ಇದಾಗಿ ಒಂದು ವಾರ. ಒಂದು ದಿನ ಶಿರೋಳದಿಂದ ಒಬ್ಬ ಅಂಗನವಾಡಿ ಕಾರ್ಯಕರ್ತೆ ಓಪನ್ ಆಗದ ಪಟ್ಟಿಯೊಂದನ್ನು ತಂದರು. ಅವರದು ಹಗುರ ಕಾಯಿಲೆ, ಫೈಲಿನ ಹೆಸರಿನ ಕೊನೆಯ ಅಕ್ಷರಗಳು ಅಳಿಸಿದ್ದವು ಅಷ್ಟೇ. ಅದನ್ನು ಖಾತ್ರಿ ಮಾಡಿಕೊಳ್ಳಲು ನಮ್ಮ ಕೆಲಸದವರಿಗೆ ಒಂದು ಉಪಾಯ ಗೊತ್ತು. ಎಕ್ಸೆಲ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಅರ್ಥವಾಗದ ಗೀಚು ಕಾಣುತ್ತದೆ, ಆದರೆ ಗಟ್ಟಿ ಫೈಲಾದರೆ ಆ ಗೀಚಿನ ಮೊದಲ ಎರಡು ಅಕ್ಷರ ಯಾವಾಗಲೂ ಇಂಗ್ಲಿಷಿನ ಪಿ ಮತ್ತು ಕೆ. ಅವರದಕ್ಕೆ ಅವು ಇದ್ದವು. ಹೆಸರು ಸರಿಮಾಡಿ ಕೊಟ್ಟೆ, ಅವರು ಹೋದರು. ಆಗ ಖಾನೆಯಲ್ಲಿದ್ದ ಅಕ್ಕನ ಪೆನ್ ಡ್ರೈವ್ ನೆನಪಾಯಿತು. ಯಾರ ಫೈಲಾದರೂ ಮೊದಲು ಮಾಡುವ ಈ ಪರೀಕ್ಷೆಯನ್ನು ನಾನು ಇದಕ್ಕೆ ಮಾಡಿರಲೇ ಇಲ್ಲ. ಕಳ್ಳ ಸಿಕ್ಕಿದ ಮೇಲೆ ಹೆಜ್ಜೆಗುರುತು ಹುಡುಕುವವರು ಯಾರು?

ತೆರೆದೆ. ಗೀಚಿನ ನೆತ್ತಿಯ ಮೇಲೆ ಸ್ಪಷ್ಟ ಕನ್ನಡದಲ್ಲಿ ಶ್ರೀ ಎಂದಿತ್ತು.

ನನ್ನ ಬುದ್ಧಿ ನೋಡಿ. ಮೊದಲು ಅನ್ನಿಸಿದ್ದೇನು ಗೊತ್ತೆ? ಎಂಥ ಭಂಡ, ಕದಿಯುವಾಗಲೂ ದೇವರ ಹೆಸರು ಬರೆದು ಶುರು ಮಾಡಿದ್ದಾನಲ್ಲ ಎಂದು. ಹಾಗೆ ಬೈದುಕೊಳ್ಳುತ್ತಲೇ ಕಣ್ಣು ಕೆಳಗಿಳಿಯಿತು. ಶ್ರೀಯ ಕೆಳಗೆ ಗೆರೆಗಳು ಖಾಲಿ ಇದ್ದವು. ಒಂದು, ಎರಡು, ಮೂರು, ನಾಲ್ಕು, ಐದು. ಆರನೆಯ ಗೆರೆಯಿಂದ ಗೀಚು ಶುರುವಾಗಿತ್ತು.

ಅಂಗಡಿಯ ಬಾಗಿಲು ಅರ್ಧ ಎಳೆದು ಕೂತೆ. ಶ್ರೀಯನ್ನೂ ಐದು ಗೆರೆಗಳನ್ನೂ ಅಳಿಸಿ ನೋಡಿದೆ, ಫೈಲು ಏಳಲಿಲ್ಲ. ಏಳುವುದಿಲ್ಲ ಎಂದು ನನಗೆ ಗೊತ್ತಿತ್ತು. ನೋಟ್‌ಪ್ಯಾಡಿನಲ್ಲಿ ಒಮ್ಮೆ ಉಳಿಸಿದರೆ ಅದು ತನಗೆ ತಿಳಿಯದ ಅಕ್ಷರಗಳನ್ನೆಲ್ಲ ತನಗೆ ತಿಳಿದ ಹಾಗೆ ತಿದ್ದಿ ಬರೆದುಬಿಡುತ್ತದೆ. ಫೈಲು ಉಬ್ಬಿದ್ದು ಅದಕ್ಕೇ. ಮೇಲೆ ಬರೆದ ಒಂದಕ್ಷರವನ್ನು ತೆಗೆಯಬಹುದು, ಒಳಗೆ ಆದ ತಿದ್ದುಪಡಿಯನ್ನು ಯಾರೂ ತೆಗೆಯಲಾರರು. ನಲವತ್ತೊಂದು ದಡಿಗಳು ಹೋಗಿದ್ದವು. ಪುಸ್ತಕ ಹೊಳೆಯ ಪಾಲಾಗಿತ್ತು. ಇನ್ನೊಂದು ಕಾಪಿ ಇರಬಾರದು ಎಂದು ಅಪ್ಪಣೆ ಕೊಟ್ಟವಳು ನಾನು.

ಮರುದಿನ ನರಗುಂದದ ಬಸ್ ಹತ್ತಿದೆ. ಬಸ್ಸಿನಲ್ಲಿ ಕೂತು ನಾನು ಬೇಡಿಕೊಂಡದ್ದನ್ನು ಇವತ್ತಿಗೂ ಯಾರಿಗೂ ಹೇಳಿಲ್ಲ. ದೇವರೇ, ಆ ಹುಡುಗ ಕಳ್ಳನೇ ಆಗಿರಲಿ ಎಂದು ಬೇಡಿಕೊಂಡೆ. ಅಪ್ಪ ಶ್ರೀ ಬರೆಯುವ ಮೊದಲು ಐದೇ ಐದು ನಿಮಿಷ ಅವನು ಕೆಟ್ಟವನಾಗಿ, ಒಂದು ಕಾಪಿ ಹೊಡೆದುಕೊಂಡಿರಲಿ ಎಂದು. ಅವನು ಅದನ್ನು ಯಾರಿಗೆ ಮಾರಿದ್ದರೂ ಕಾಲು ಹಿಡಿದು ವಾಪಸ್ ತರುತ್ತಿದ್ದೆ.

ಫ್ಲೆಕ್ಸ್ ಅಂಗಡಿಯಲ್ಲಿ ಶಾಯಿಯ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಅವನು ಯಾರದೋ ಲಗ್ನಪತ್ರಿಕೆ ಜೋಡಿಸುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತ, ತನ್ನ ಕುರ್ಚಿಯನ್ನೇ ಕೊಟ್ಟ. ನಾನು ಕೂಡಲಿಲ್ಲ. “ಶ್ರೀ ಬರದದ್ದು ಮಾವಾರಲ್ಲೇನು?” ಎಂದು ಕೇಳಿದೆ.

ಅವನು ಕೈಯಲ್ಲಿದ್ದ ಪತ್ರಿಕೆ ಕೆಳಗಿಟ್ಟು ಹೇಳಿದ. “ಹೌದ್ರಿ. ಶ್ರೀ ಬರಿಯೂದ ಅದರ ಪೂಜಿ, ಪೂಜಿ ದಿನಾನ ಬರೀಬೇಕಂತ ಹಟ ಹಿಡದಿದ್ದ. ಮನಿ ಕಂಪ್ಯೂಟರಿಗೆ ಹೂವು ಏರಿಸಿದ್ರು, ಅದನ್ನ ಮುಟ್ಟೂ ಹಂಗಿರಲಿಲ್ಲ. ನನ್ನ ಲ್ಯಾಪ್‌ಟಾಪು ಚೀಲದಾಗ ಇತ್ತು, ಅದಕ್ಕ ಪೂಜಿ ಆಗಿರಲಿಲ್ಲ. ಇದರಾಗ ಹಾಕಿ ಕೊಡು ಅಂದ. ಹಾಕಿ ಕೊಟ್ಟು, ಬಾಳಿ ಎಲಿ ತರಾಕ ಹೋದೆ. ನನ್ನ ಲ್ಯಾಪ್‌ಟಾಪಿನ್ಯಾಗ ಎಕ್ಸೆಲ್ ಇಲ್ರಿ. ಯಾವುದ್ರಾಗ ತೆಗೀಲಿ ಅಂತ ಅದು ಕೇಳೇತಿ. ಅಪ್ಪಗ ಗೊತ್ತಿದ್ದ ಒಂದ ಹೆಸರು ಒತ್ಯಾನ. ನಾ ವಾಪಸ್ ಬರೂದ್ರಾಗ ಬರದು, ಮುಚ್ಚಿ, ಕೈ ಮುಗದು, ಗುಡಿಗೆ ಹೋಗಿದ್ದ. ನಾ ಬಂದು ಪೆನ್ ಡ್ರೈವ್ ಕಿತ್ತಾಗ ವೈನಿಯಾರು ನೋಡಿದ್ರು.”

“ಅವತ್ತ ಯಾಕ ಹೇಳಲಿಲ್ಲ?”

“ಅಪ್ಪ ಒಳಗ ಇದ್ದನಲ್ರಿ.”

ಅವನೇ ಮುಂದುವರಿಸಿದ. “ಮಗ ಕಳ್ಳ ಅಂದ್ರ ಅಪ್ಪಗ ಸಿಟ್ಟು ಬರ್ತೈತಿ. ಆ ಸಿಟ್ಟಿನ ಮ್ಯಾಲ ಇನ್ನೂ ನಾಕು ವರ್ಷ ನೇಯ್ತಾನ. ತನ್ನ ಕೈಯಿಂದನ ಹೋತು ಅಂತ ಗೊತ್ತಾದ್ರ ಮತ್ತ ಕುಣಿಗೆ ಇಳಿಯೂದಿಲ್ರಿ. ಶ್ರೀ ಬರದದ್ದಕ್ಕ ಹಿಂಗಾತು ಅಂದ್ರ ಹ್ಯಾಂಗ ತಡಕೋತಾನ?”

ಆಗ ನಾನು ಬಂದ ಕೆಲಸದ ಮಾತು ಕೇಳಿದೆ. ಕೇಳುವಾಗ ದನಿ ನನ್ನದೇ ಅನ್ನಿಸಲಿಲ್ಲ. “ನಿನ್ನ ಕಡೆ ಒಂದು ಕಾಪಿ ಐತೇನಪಾ? ಇದ್ರ ಹೇಳು, ನಾ ಯಾರಿಗೂ ಏನೂ ಅನ್ನೂದಿಲ್ಲ.”

ಅವನು ನಕ್ಕ. ವ್ಯಂಗ್ಯವಿರಲಿಲ್ಲ, ದಣಿದ ನಗು. “ಪೆನ್ ಡ್ರೈವ್ ಹಾಕಿದಾಗ ಒಂದು ಕಾಪಿ ಮಾಡಿಕೊಳ್ಳಲೇನು ಅಂತ ಕೈ ಹೋಗಿತ್ರಿ. ನೀವು ಬ್ಯಾಡ ಅಂದಿದ್ರಿ, ಬಿಟ್ಟೆ. ಕದ್ದಿದ್ರ ಚಲೋ ಆಗತಿತ್ತಲ್ರಿ ಅಕ್ಕಾರ.”

ಆ ಅಂಗಡಿಯಲ್ಲಿ ನಿಂತು ನಾನು ಅತ್ತೆ. ಜನ ಇದ್ದರು, ಲಕ್ಷ್ಯಕ್ಕೇ ಬರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎರಡೂ ಹೋಗಿದ್ದವು, ಎರಡೂ ನನ್ನ ಕೈಯಿಂದ. ಅವನು ನೀರು ತಂದುಕೊಟ್ಟು, “ಅಪ್ಪಗ ಮಾತ್ರ ಹೇಳಬ್ಯಾಡ್ರಿ” ಎಂದು ಕೈ ಮುಗಿದ. ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಆದರೆ ಅವನನ್ನು ಕಳ್ಳನಾಗಿಯೇ ಬಿಟ್ಟು ಬರುವುದೂ ಆಗದ ಮಾತಾಗಿತ್ತು.

ಎರಡು ದಿನ ಯೋಚಿಸಿ ಗಜೇಂದ್ರಗಡಕ್ಕೆ ಹೋದೆ. ಮಾವ ಮಗ್ಗದ ಪಕ್ಕ ಗೋಡೆಗೆ ಒರಗಿ ಕೂತಿದ್ದರು. ಅಕ್ಕ ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಇಬ್ಬರಿಗೂ ಕೇಳುವ ಹಾಗೆ ಹೇಳಿದೆ. “ಮಾವಾರ, ಹುಡುಗನ ತಪ್ಪಿಲ್ರಿ. ನನ್ನ ಅಂಗಡಿ ಕಂಪ್ಯೂಟರಿನಿಂದ ವೈರಸ್ ಹತ್ತಿ ಕೆಟ್ಟೈತಿ. ತಪ್ಪು ನನ್ನದು. ಸುಳ್ಳ ಅವನ ಮ್ಯಾಲ ಹೊರಿಸಿದೆ.”

ಅಕ್ಕನ ಕೈ ನಿಂತಿತು. ಮಾವ ನನ್ನನ್ನು ಬಹಳ ಹೊತ್ತು ನೋಡಿದರು. ಬೈದರೆ ಬೈಯಿಸಿಕೊಳ್ಳಬೇಕು ಎಂದು ತಲೆ ತಗ್ಗಿಸಿದ್ದೆ. ಅವರು ಬೈಯಲಿಲ್ಲ. ಒಂದೊಂದೇ ಬೆರಳು ಮಡಿಚುತ್ತ ಎಣಿಸಿದರು.

“ಯಾರಿಗೂ ಕಾಪಿ ಬ್ಯಾಡ ಅಂದಾಕಿ ನೀನ. ಪುಸ್ತಕ ಹೊಳಿಗೆ ಬಿಡ್ರಿ ಅಂತ ಮುಂದ ನಿಂತು ಕರಕೊಂಡು ಹೋದಾಕಿ ನೀನ. ಪೆನ್ ಡ್ರೈವ್ ಒಯ್ದು ಇಷ್ಟು ದಿನ ನಿನ್ನ ಕಡೆ ಇಟಗೊಂಡಾಕಿ ನೀನ. ನನ್ನ ಮಗನ್ನ ಕಳ್ಳ ಅಂದು ಮನಿ ಬಿಡಿಸಿದಾಕಿ ನೀನ. ಈಗ ವೈರಸ್ ಅಂತಿ.” ಐದನೆಯ ಬೆರಳು ಮಡಿಚಿ ಮುಷ್ಟಿಯನ್ನು ಮಡಿಲಲ್ಲಿಟ್ಟುಕೊಂಡರು. “ಯಾರಿಗೆ ಮಾರೀದಿ ಯವ್ವಾ? ಅಷ್ಟ ಹೇಳು.”

ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ನಾನು ಅವರ ಜಾಗದಲ್ಲಿ ಕೂತಿದ್ದರೆ ನಾನೂ ಹಾಗೇ ಎಣಿಸುತ್ತಿದ್ದೆ, ಅಷ್ಟೇ ಬೆರಳಿನಲ್ಲಿ. ಯಾರಿಗೂ ಮಾರಿಲ್ಲ ಎಂದೆ. ಅಕ್ಕ ನನ್ನ ಮುಖವನ್ನು ಓದುತ್ತಿದ್ದಳು, ನಾನು ಅಂಗಡಿಗೆ ಬಂದವರ ಮುಖ ಓದುವ ಹಾಗೆ. ನಿಜ ಬಾಯಿಯ ತುದಿಗೆ ಬಂದಿತ್ತು, ನುಂಗಿದೆ. ಆ ದಿನ ಅವರ ಮನೆಯಲ್ಲಿ ಊಟಕ್ಕೆ ಯಾರೂ ಕರೆಯಲಿಲ್ಲ.

ಸಣ್ಣ ಮಗ ದೀಪಾವಳಿಗೆ ಮನೆಗೆ ಬಂದ. ಅಪ್ಪನೇ ಫೋನು ಮಾಡಿಸಿ ಕರೆಸಿದರಂತೆ. ಈಗ ಪ್ರತಿ ಭಾನುವಾರ ಬರುತ್ತಾನೆ. ಮಾವ ನೆನಪಿನಿಂದ ಎಣಿಸುತ್ತಾರೆ, ಅವನು ಚೌಕಳಿ ಹಾಳೆಯಲ್ಲಿ ಬರೆದುಕೊಳ್ಳುತ್ತಾನೆ. ಇದುವರೆಗೆ ಒಂಬತ್ತು ದಡಿ ಮರಳಿ ಬಂದಿವೆ ಎಂದು ಅವನೇ ನನಗೆ ಗುಟ್ಟಾಗಿ ಹೇಳಿದ. ಮಾವನಿಗೆ ಈಗ ಅಕ್ಷರ ಕಾಣುವುದಿಲ್ಲ, ಎಳೆ ಮಾತ್ರ ಕೈಗೆ ತಿಳಿಯುತ್ತದೆ. ಆದ್ದರಿಂದಲೇ ಇದನ್ನು ಬರೆಯುವ ಧೈರ್ಯ ಮಾಡಿದ್ದೇನೆ. ಅಕ್ಕ ಓದಿದರೆ ಓದಲಿ.

ಹಬ್ಬ ಹುಣ್ಣಿಮೆಗೆ ನಾನೂ ಹೋಗುತ್ತೇನೆ. ಹೋಗುವುದು ಬಿಟ್ಟರೆ ಕದ್ದು ಮಾರಿದ್ದನ್ನು ಒಪ್ಪಿಕೊಂಡಂತೆ ಆಗುತ್ತದೆ ಎಂದು ಹೋಗುತ್ತೇನೆ. ಬಾಗಿಲಲ್ಲಿ ನನ್ನ ಆಕಾರ ಕಂಡ ಕೂಡಲೇ ಮಗ್ಗದ ಸದ್ದು ನಿಲ್ಲುತ್ತದೆ. “ಮುಚ್ಚೋ, ಮುಚ್ಚೋ, ಆಕಿ ಬಂದ್ಲು” ಎಂದು ಮಾವ ಮೆಲ್ಲಗೆ ಹೇಳುತ್ತಾರೆ. ಕಿವಿ ಮಂದವಾದವರ ಮೆಲುದನಿ ಅಂಗಳದವರೆಗೂ ಕೇಳುತ್ತದೆ. ಮಗ ನನ್ನ ಮುಖ ನೋಡದೆ ಎದ್ದು, ನೇಯುತ್ತಿದ್ದ ದಡಿಯ ಮೇಲೆ ಬಿಳೀ ಬಟ್ಟೆ ಎಳೆಯುತ್ತಾನೆ.